ಸೀಸೆಯ ನೊಣವೂ ಹೊಲದ ಹುಳುವೂ

ಗ್ರಾಮದ ಯಜಮಾನರೂ ಜಮೀನುದಾರರೂ ಸೇರುವ ಸಭೆಗಳಲ್ಲಿ ಒಂದು ಪ್ರಶ್ನೆಯು ಆಗಾಗ್ಗೆ ಕೇಳಿಬರುತ್ತದೆ. ಮಳೆಯು ಹದಕ್ಕೆ ಸರಿಯಾಗಿ ಬಾರದೆ, ಕೊಳವೆಬಾವಿಗಳು ಬತ್ತಿ, ಕೂಲಿಯೂ ಗೊಬ್ಬರದ ಬೆಲೆಯೂ ಏರುತ್ತಿರುವ ಈ ಕಾಲದಲ್ಲಿ, ದೊಡ್ಡ ವಿದ್ಯಾಲಯಗಳಲ್ಲಿ ಸರ್ಕಾರದ ಹಣವನ್ನು ವೆಚ್ಚಮಾಡಿ ಸೀಸೆಗಳಲ್ಲಿ ನೊಣಗಳನ್ನು ಸಾಕುತ್ತಿರುವರಂತೆ. ಅದರಿಂದ ಉಳುವವನಿಗೆ ಆದ ಪ್ರಯೋಜನವೇನು ಎಂಬುದೇ ಆ ಪ್ರಶ್ನೆ. ಇದನ್ನು ಕೇಳುವವರನ್ನು ಅಜ್ಞರೆಂದು ತಳ್ಳಿಬಿಡುವುದು ಸರಿಯಲ್ಲ. ಹಣವನ್ನು ಕೊಡುವವರು ಲೆಕ್ಕವನ್ನು ಕೇಳಲೇಬೇಕು. ಆದರೆ ಲೆಕ್ಕವನ್ನು ಕೇಳಿದ ಮೇಲೆ ಅದನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುವ ತಾಳ್ಮೆಯೂ ಇರಬೇಕು. ಆ ಸೀಸೆಯ ನೊಣವು ನೂರು ವರ್ಷಗಳಿಂದ ಕಲಿಸಿಕೊಡುತ್ತಿರುವ ಪಾಠವನ್ನು ಅಲಕ್ಷ್ಯಮಾಡಿದುದರಿಂದಲೇ ನಮ್ಮ ಹೊಲಗಳಲ್ಲಿ, ಮುಖ್ಯವಾಗಿ ಹತ್ತಿಯ ಹೊಲಗಳಲ್ಲಿ, ತಪ್ಪಿಸಬಹುದಾಗಿದ್ದ ನಷ್ಟವು ಸಂಭವಿಸಿದೆಯೆಂದು ನಮ್ಮ ಅಭಿಪ್ರಾಯ. ಅದು ಹೇಗೆಂಬುದನ್ನು ವಿವರಿಸುವುದಕ್ಕೆ ಸ್ವಲ್ಪ ಹಿಂದಿನಿಂದ ಆರಂಭಿಸಬೇಕಾಗಿದೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಪರಿಹರಿಸುವುದು ಅವಶ್ಯಕ. ಮಾವು, ಸೀಬೆ ಮುಂತಾದ ಹಣ್ಣುಗಳನ್ನು ಚುಚ್ಚಿ, ಒಳಗೆ ಮೊಟ್ಟೆಯಿಟ್ಟು ಕೊಳೆಯಿಸುವ, ನಮ್ಮಲ್ಲಿ ಅನೇಕರು ಊಜಿಯೆಂದು ಕರೆಯುವ ನೊಣವು ಬೇರೆ. ಶಾಸ್ತ್ರಜ್ಞರು ಡ್ರೊಸೊಫಿಲ ಎಂದು ಹೆಸರಿಟ್ಟು ಸೀಸೆಯಲ್ಲಿ ಸಾಕುವ ನೊಣವು ಬೇರೆ. ಅತಿಯಾಗಿ ಕಳಿತ ಬಾಳೆಹಣ್ಣಿನ ಮೇಲೂ, ಕೊಳೆತ ಹಲಸಿನ ತೊಳೆಯ ಸುತ್ತಲೂ, ಹೆಂಡದ ಮಡಕೆಯ ಬಾಯಲ್ಲಿಯೂ ನೊರಜಿನಂತೆ ಹಾರಾಡುವ, ಎಳ್ಳಿನ ಕಾಳಿನಷ್ಟೇ ಉದ್ದವಾದ, ಕೆಂಪುಕಣ್ಣಿನ ಪ್ರಾಣಿಯೇ ಇದು. ಹುದುಗು ಬಂದ ಹಣ್ಣಿನಲ್ಲಿ ಹುಟ್ಟುವ ಹುದುಗಿನ ಕಣಗಳೇ ಇದಕ್ಕೆ ಆಹಾರ. ಗಟ್ಟಿಯಾದ ಒಳ್ಳೆಯ ಹಣ್ಣಿಗೆ ಇದು ಯಾವ ಕೇಡನ್ನೂ ಮಾಡಲಾರದು. ಇದರ ದಾಯಾದಿಯಾದ ಸುಜುಕಿ ಎಂಬ ಜಾತಿಯೊಂದು ೨೦೦೮ರಿಂದೀಚೆಗೆ ಅಮೆರಿಕ ಮತ್ತು ಯೂರೋಪು ಖಂಡಗಳಲ್ಲಿ ಚೆರ್ರಿ ಮೊದಲಾದ ಮೃದುಹಣ್ಣುಗಳಿಗೆ ಕಂಟಕವಾಗಿರುವುದು ನಿಜವಾದರೂ, ಪ್ರಯೋಗಶಾಲೆಯ ನೊಣದ ಮೇಲೆ ಆ ದೂರನ್ನು ಹೊರಿಸುವಂತಿಲ್ಲ.

ಇಷ್ಟು ಅಲ್ಪವಾದ ಪ್ರಾಣಿಯನ್ನೇ ಆರಿಸಿಕೊಂಡುದಕ್ಕೆ ಕಾರಣವು ಸುಲಭವಾಗಿದೆ. ಹಸುವಿನ ತಳಿಯಲ್ಲಿ ಒಂದು ಗುಣವು ತಾಯಿಯಿಂದ ಮೊಮ್ಮಕ್ಕಳಿಗೆ ಹೇಗೆ ಇಳಿಯುತ್ತದೆಂದು ನೋಡುವಷ್ಟರಲ್ಲಿ ನೋಡುವವನ ತಲೆಯು ನರೆಯುತ್ತದೆ. ಈ ನೊಣವಾದರೋ ಹಿತವಾದ ಶಾಖದಲ್ಲಿ ಮೊಟ್ಟೆಯಿಂದ ಪ್ರೌಢಾವಸ್ಥೆಗೆ ಬರಲು ಸುಮಾರು ೧೦ ದಿವಸಗಳು ಸಾಕು. ಒಂದು ಹೆಣ್ಣು ನೂರಾರು ಮೊಟ್ಟೆಗಳನ್ನಿಡುತ್ತದೆ. ಒಂದು ಬೀರುವಿನಲ್ಲಿ ಒಂದು ತಾಲ್ಲೂಕಿನ ಜನಸಂಖ್ಯೆಯಷ್ಟು ನೊಣಗಳನ್ನು ಇಡಬಹುದು. ಮೇವಿನ ವೆಚ್ಚವಂತೂ ಕೇಳಬೇಕಾದುದೇ ಇಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ, ವಿಶ್ವವಿದ್ಯಾನಿಲಯದವರು ಈ ನೊಣದ ನಾನಾ ಜಾತಿಗಳನ್ನೂ ತಳಿಗಳನ್ನೂ ಕಾಪಾಡಿಕೊಂಡು ಬಂದಿರುವ ಸಂಗ್ರಹಾಲಯದಲ್ಲಿ, ಅವಕ್ಕೆ ಗೋಧಿಯ ರವೆಯನ್ನೂ ಬೆಲ್ಲವನ್ನೂ ಅಗರಿನೊಂದಿಗೆ ಬೇಯಿಸಿ ಉಣ್ಣಿಸುತ್ತಾರೆ. ತುಪ್ಪವೊಂದು ಇಲ್ಲವೆಂಬುದನ್ನು ಬಿಟ್ಟರೆ ನಮ್ಮ ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯಕ್ಕೂ ಅದಕ್ಕೂ ಬಹಳ ದೂರವಿಲ್ಲ.

ಅಮೆರಿಕದ ನ್ಯೂಯಾರ್ಕಿನಲ್ಲಿರುವ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಎಂಬ ವಿದ್ವಾಂಸರು ಹಾಲಿನ ಸೀಸೆಗಳಲ್ಲಿ ಬಾಳೆಹಣ್ಣನ್ನಿಟ್ಟು ಈ ನೊಣಗಳನ್ನು ಸಾಕುತ್ತಿದ್ದರು. ೧೯೧೦ರಲ್ಲಿ ಸಹಸ್ರಾರು ಕೆಂಪುಕಣ್ಣಿನ ನೊಣಗಳ ಮಧ್ಯೆ ಬಿಳಿಯ ಕಣ್ಣುಳ್ಳ ಒಂದೇ ಒಂದು ಗಂಡುನೊಣವು ಅವರ ದೃಷ್ಟಿಗೆ ಬಿತ್ತು. ನಮ್ಮಲ್ಲಿ ಎಷ್ಟು ಮಂದಿ ಅದನ್ನು ಗಮನಿಸುತ್ತಿದ್ದರೋ ತಿಳಿಯದು. ಅವರು ಅದನ್ನು ಕೆಂಪುಕಣ್ಣಿನ ಹೆಣ್ಣಿನೊಂದಿಗೆ ಕೂಡಿಸಿದರು. ಮಕ್ಕಳಲ್ಲಿ ಬಿಳಿಯ ಕಣ್ಣು ಬಹುಮಟ್ಟಿಗೆ ಮಾಯವಾಯಿತು. ಮೊಮ್ಮಕ್ಕಳಲ್ಲಿ ಅದು ಪುನಃ ತಲೆದೋರಿತು. ಆದರೆ ಬಿಳಿಕಣ್ಣಿನ ೭೮೨ ಮೊಮ್ಮಕ್ಕಳೂ ಗಂಡುಗಳೇ. ಒಂದು ಹೆಣ್ಣಿಗಾದರೂ ಅದು ಬಂದಿರಲಿಲ್ಲ. ಗಂಡು ಹೆಣ್ಣುಗಳ ಭೇದವನ್ನು ನಿರ್ಣಯಿಸುವ ವರ್ಣತಂತುವಿನ ಮೇಲೆಯೇ ಕಣ್ಣಿನ ಬಣ್ಣದ ಜೀನೂ ಕುಳಿತಿರಬೇಕೆಂದು ಇದರಿಂದ ಸಿದ್ಧವಾಯಿತು. ತಂದೆತಾಯಿಗಳ ಗುಣಗಳನ್ನು ಮಕ್ಕಳಿಗೆ ಒಯ್ಯುವ ಸೂಕ್ಷ್ಮವಾದ ಘಟಕಕ್ಕೆ ಜೀನೆಂದು ಹೆಸರು. ಕೆಲವರು ವಂಶವಾಹಿಯೆಂತಲೂ ಬರೆಯುತ್ತಾರೆ. ಮಾರ್ಗನ್ನರ ಶಿಷ್ಯರಾದ ಸ್ಟರ್ಟಿವೆಂಟರು ೧೯೧೩ರಲ್ಲಿ ಈ ಜೀನುಗಳು ವರ್ಣತಂತುವಿನ ಮೇಲೆ ಯಾವ ಅನುಕ್ರಮದಲ್ಲಿ ಎಷ್ಟೆಷ್ಟು ಅಂತರದಲ್ಲಿ ಇವೆಯೆಂಬುದಕ್ಕೆ, ಗ್ರಾಮದ ನಕ್ಷೆಯಂತೆ ಒಂದು ನಕ್ಷೆಯನ್ನೇ ಬರೆದುಕೊಟ್ಟರು. ಮಾರ್ಗನ್ನರಿಗೆ ೧೯೩೩ರಲ್ಲಿ ನೊಬೆಲ್ ಬಹುಮಾನವು ದೊರೆಯಿತು.

ಇನ್ನು ಆ ಜೀನು ಮಾಡುವ ಕೆಲಸವೇನೆಂದು ತಿಳಿಯುವ ಬಗೆ ಹೇಗೆ? ಗಾಡಿಯನ್ನು ಎಂದೂ ಕಂಡಿರದ ಒಬ್ಬನಿಗೆ ಅದರ ಒಂದೊಂದು ಭಾಗದ ಉಪಯೋಗವನ್ನೂ ತಾನಾಗಿಯೇ ತಿಳಿಯಬೇಕಾಗಿದೆಯೆಂದು ಭಾವಿಸೋಣ. ಅವನು ಒಂದು ಸಲಕ್ಕೆ ಒಂದು ಭಾಗವನ್ನು ಮಾತ್ರ ಕಳಚಿ ಗಾಡಿಯನ್ನು ಹೊಡೆದು ನೋಡಬೇಕು. ಕಡೆಗೀಲನ್ನು ಕಿತ್ತರೆ ಚಕ್ರವು ಕಳಚಿಕೊಳ್ಳುತ್ತದೆ. ಕೀಲೆಣ್ಣೆಯಿಲ್ಲದಿದ್ದರೆ ಅಚ್ಚು ಕಿರುಗುಟ್ಟುತ್ತದೆ. ನೊಗದ ಕಣ್ಣಿಯನ್ನು ಬಿಚ್ಚಿದರೆ ಎತ್ತು ಗಾಡಿಯನ್ನು ಬಿಟ್ಟು ಹೊರಡುತ್ತದೆ. ಕೆಟ್ಟುದನ್ನು ಕಂಡು ಕೆಲಸವನ್ನು ಊಹಿಸುವುದೇ ಈ ಕ್ರಮ. ನೊಣದ ವಿಷಯದಲ್ಲಿ ಮಾಡುವುದೂ ಇದನ್ನೇ. ಭೇದವೇನೆಂದರೆ, ಜೀನನ್ನು ಬೆರಳಿನಿಂದ ಹಿಡಿದು ಕಳಚಲು ಆ ಕಾಲದಲ್ಲಿ ಉಪಾಯವಿರಲಿಲ್ಲ. ಆದುದರಿಂದ ಸಾವಿರಾರು ನೊಣಗಳಲ್ಲಿ ಜೀನುಗಳನ್ನು ಕುರುಡಾಗಿ ಕೆಡಿಸಿ, ಅವುಗಳ ಸಂತಾನವನ್ನು ಒಂದರಿ ಹಿಡಿದಂತೆ ಜಾಲಿಸಿ, ಯಾವುದು ಯಾವ ರೀತಿಯಲ್ಲಿ ಕೆಟ್ಟಿದೆಯೆಂದು ನೋಡಬೇಕಾಯಿತು. ಕೆಟ್ಟ ರೀತಿಯನ್ನನುಸರಿಸಿಯೇ ಜೀನಿಗೆ ಹೆಸರಿಡುವುದು ವಾಡಿಕೆಯಾಗಿರುವುದರಿಂದ ಒಂದು ವಿನೋದವು ಉಂಟಾಗಿದೆ. ಕಣ್ಣಿಗೆ ಕೆಂಪುಬಣ್ಣವನ್ನು ಒದಗಿಸುವ ಜೀನಿನ ಹೆಸರು ‘ಬಿಳುಪು’! ನೀರುಗಂಟಿಯು ಬಾರದ ದಿವಸ ಗದ್ದೆಯು ಒಣಗಿತೆಂದು ಅವನಿಗೆ ‘ಒಣಗದ್ದೆ’ಯೆಂದು ನಾಮಕರಣ ಮಾಡಿದಂತೆ.

ಜೀನುಗಳು ತಾವಾಗಿಯೇ ಕೆಡುವುದು ಬಹಳ ಅಪರೂಪ. ಹರ್ಮನ್ ಮುಲ್ಲರರು ೧೯೨೭ರಲ್ಲಿ ಎಕ್ಸ್‌ಕಿರಣಗಳನ್ನು ಹಾಯಿಸಿದರೆ ನೊಣಗಳಲ್ಲಿ ಇಂತಹ ವಿಕೃತಿಗಳು ಅನೇಕ ಪಾಲು ಹೆಚ್ಚುವುವೆಂದು ತೋರಿಸಿದರು. ಅದಕ್ಕಾಗಿ ೧೯೪೬ರಲ್ಲಿ ನೊಬೆಲ್ ಬಹುಮಾನವನ್ನು ಪಡೆದರು. ಈ ವಿದ್ಯೆಯು ಒಡನೆಯೇ ಬೆಳೆಗಳಿಗೂ ಹಬ್ಬಿತು. ೧೯೨೮ರಲ್ಲಿ ಸ್ಟ್ಯಾಡ್ಲರ್ ಎಂಬುವರು ಬಾರ್ಲಿಯಲ್ಲಿ ಅದನ್ನೇ ಮಾಡಿ ತೋರಿಸಿದರು. ಇಂದು ನಮ್ಮ ರೈತರು ಬಿತ್ತುವ ಟಿ.ಎ.ಜಿ. ೨೪ ಎಂಬ ಕಡಲೆಕಾಯಿಯ ತಳಿಯು ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದುದು. ಅದರ ವಂಶವೃಕ್ಷದಲ್ಲಿ ಎಕ್ಸ್‌ಕಿರಣಗಳಿಂದ ಮಾರ್ಪಟ್ಟ ಗಿಡಗಳಿವೆ. ನೊಣದಿಂದ ಏನು ಬಂತೆಂದು ಕೇಳುವವರು ತಮ್ಮ ಕಣಜದಲ್ಲಿಯೇ ಒಮ್ಮೆ ನೋಡಬಹುದು.

ಜಾಲಿಸುವ ಈ ಕೆಲಸವನ್ನು ಅತ್ಯಂತ ವಿಸ್ತಾರವಾಗಿ ಮಾಡಿದವರು ಜರ್ಮನಿಯ ಹೈಡೆಲ್‌ಬರ್ಗಿನಲ್ಲಿದ್ದ ಕ್ರಿಸ್ಟಿಯಾನೆ ನ್ಯೂಸ್‌ಲೈನ್ ಫೋಲ್‌ಹಾರ್ಡ್ ಎಂಬ ವಿದುಷಿಯೂ ಎರಿಕ್ ವೀಶಾಸ್ ಎಂಬುವರೂ. ಇವರ ಕ್ರಮವು ತಳಿ ಸಾಕುವವರೆಲ್ಲರೂ ತಿಳಿದಿರತಕ್ಕದ್ದು. ಪ್ರತಿಯೊಂದು ಪ್ರಾಣಿಯಲ್ಲಿಯೂ ಬಹುತೇಕ ಒಂದೊಂದು ಜೀನಿಗೂ ಎರಡು ಪ್ರತಿಗಳಿರುತ್ತವೆ. ಒಂದು ತಂದೆಯಿಂದ ಬಂದುದು, ಮತ್ತೊಂದು ತಾಯಿಯಿಂದ ಬಂದುದು. ಒಂದು ಪ್ರತಿಯು ಕೆಟ್ಟಿದ್ದರೂ ಇನ್ನೊಂದು ಸರಿಯಾಗಿದ್ದರೆ ಅನೇಕ ವೇಳೆ ದೋಷವು ಹೊರಕ್ಕೆ ತೋರುವುದಿಲ್ಲ. ಆದಕಾರಣ ಅವರು ಗಂಡುನೊಣಗಳಿಗೆ ಜೀನನ್ನು ಕೆಡಿಸುವ ರಸಾಯನವನ್ನು ಸಕ್ಕರೆನೀರಿನಲ್ಲಿ ಕುಡಿಸಿ, ಅವುಗಳ ಒಬ್ಬೊಬ್ಬ ಮಗನಿಂದಲೂ ಒಂದೊಂದು ಕುಟುಂಬವನ್ನು ಬೇರೆ ಬೇರೆಯಾಗಿ ಬೆಳೆಯಿಸಿ, ಆ ಕುಟುಂಬದೊಳಗಿನ ಒಡಹುಟ್ಟುಗಳನ್ನೇ ಪರಸ್ಪರ ಕೂಡಿಸಿದರು. ಆಗ ಸಂತಾನದಲ್ಲಿ ನಾಲ್ಕನೆಯ ಒಂದು ಪಾಲಿಗೆ ಎರಡೂ ಪ್ರತಿಗಳು ಕೆಟ್ಟವೇ ಬಂದು, ಅಡಗಿದ್ದ ದೋಷವು ಬಯಲಾಗುತ್ತದೆ. ಸುಮಾರು ೨೭,೦೦೦ ಕುಟುಂಬಗಳನ್ನು ಹೀಗೆ ಬೆಳೆಯಿಸಿದರು. ಇಬ್ಬರು ಏಕಕಾಲದಲ್ಲಿ ನೋಡಬಹುದಾದ ಸೂಕ್ಷ್ಮದರ್ಶಕದ ಮುಂದೆ ಎದುರುಬದುರಾಗಿ ಕುಳಿತು, ಸತ್ತ ಮರಿಹುಳುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಕೆಲವು ಹುಳುಗಳಲ್ಲಿ ಮೈಯ ಉಂಗುರಗಳು ಒಂದು ಬಿಟ್ಟು ಒಂದು ಇಲ್ಲವಾಗಿದ್ದುವು. ಕೆಲವಕ್ಕೆ ಮುಂಭಾಗವಿರಲಿಲ್ಲ. ಕೆಲವು ಮೈತುಂಬ ಮುಳ್ಳುಗಳಿಂದ ಕೂಡಿದ್ದುವು. ೧೯೮೦ರಲ್ಲಿ ಮೊದಲ ವರದಿಯು ಪ್ರಕಟವಾಯಿತು. ಕಟ್ಟಕಡೆಗೆ, ಒಂದು ಮೊಟ್ಟೆಯು ತಲೆ, ಎದೆ, ಹೊಟ್ಟೆಗಳುಳ್ಳ ಶರೀರವಾಗಿ ರೂಪುಗೊಳ್ಳಲು ವಿಶೇಷವಾಗಿ ಬೇಕಾದ ಜೀನುಗಳು ಸುಮಾರು ೧೨೦ ಮಾತ್ರವೆಂದು ಕಂಡುಬಂತು. ೧೯೯೫ರ ನೊಬೆಲ್ ಬಹುಮಾನವು ಇವರಿಬ್ಬರಿಗೂ ಎಡ್ವರ್ಡ್ ಲೂಯಿಸರಿಗೂ ಸೇರಿತು. ಮುಳ್ಳುಮೈಯ ಹುಳುವಿನಲ್ಲಿ ಕೆಟ್ಟಿದ್ದ ಜೀನಿನ ಸೋದರಿಗಳೇ ಮನುಷ್ಯರ ಗರ್ಭದಲ್ಲಿ ಕೈಕಾಲುಗಳ ರಚನೆಗೆ ಬೇಕಾದುವು. ಅದೇ ಸಾಲಿನ ಜೀನುಗಳು ಕೆಟ್ಟಾಗ ಒಂದು ಬಗೆಯ ಚರ್ಮದ ಹುಣ್ಣುರೋಗವು ಹುಟ್ಟುವುದೆಂದೂ ತಿಳಿದುಬಂದಿದೆ. ೨೦೦೦ದಲ್ಲಿ ನೊಣದ ಜೀನುಗಳ ಸಮಗ್ರ ಪಟ್ಟಿಯು ಸಿದ್ಧವಾದ ಮೇಲೆ, ಮನುಷ್ಯರ ರೋಗಗಳಿಗೆ ಸಂಬಂಧಿಸಿದವೆಂದು ತಿಳಿದಿರುವ ಜೀನುಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ನೊಣದಲ್ಲಿಯೂ ಸರಿಸಮನಾದ ಜೀನುಗಳಿವೆಯೆಂದು ಗೊತ್ತಾಯಿತು.

ನೊಣಗಳ ನಿದ್ರೆ ಎಚ್ಚರಗಳ ವಿಷಯವನ್ನು ಎರಡು ಮಾತಿನಲ್ಲಿ ಹೇಳಿ ಮುಂದುವರಿಯುತ್ತೇವೆ. ಕ್ಯಾಲಿಫೋರ್ನಿಯದಲ್ಲಿ ಕೊನೋಪ್ಕ, ಬೆಂಜರ್ ಎಂಬ ಇಬ್ಬರು ಸುಮಾರು ೨,೦೦೦ ತಳಿಗಳನ್ನು ಜಾಲಿಸಿ, ಹೊತ್ತಿನ ಗಡಿಯಾರವು ಕೆಟ್ಟಿದ್ದ ಮೂರನ್ನು ೧೯೭೧ರಲ್ಲಿ ಪ್ರಕಟಿಸಿದರು. ಒಂದರ ದಿನವು ೧೯ ಗಂಟೆಗಳದು, ಇನ್ನೊಂದರದು ೨೮ ಗಂಟೆಗಳದು, ಮೂರನೆಯದಕ್ಕೆ ಹಗಲಿರುಳುಗಳ ಪರಿವೆಯೇ ಇಲ್ಲ. ಮೂರರಲ್ಲಿಯೂ ಕೆಟ್ಟಿದ್ದುದು ಒಂದೇ ಜೀನು. ಈ ದಾರಿಯನ್ನು ಹಿಡಿದು ಹೋದ ಮೂವರಿಗೆ ೨೦೧೭ರಲ್ಲಿ ನೊಬೆಲ್ ಬಹುಮಾನವು ಬಂತು.

ನಮಗೆ ಹೆಚ್ಚು ಹತ್ತಿರವಾದ ಸಂಗತಿಯು ಬೇರೊಂದಿದೆ. ೧೯೭೧ರಲ್ಲಿ ಕೆನಡಾ ದೇಶದ ಡೇವಿಡ್ ಸುಜುಕಿಯವರು ಸೆಖೆಗೆ ಮೂರ್ಛೆ ಹೋಗುವ ಒಂದು ನೊಣವನ್ನು ಆರಿಸಿ ತೆಗೆದರು. ಸೀಸೆಯನ್ನು ೨೯ ಡಿಗ್ರಿಗೆ ಕಾಯಿಸಿದ ಕೂಡಲೇ ಅದು ಬಿದ್ದುಬಿಡುತ್ತಿತ್ತು. ತಣ್ಣಗಾದೊಡನೆ ಏನೂ ಆಗದಂತೆ ಎದ್ದು ನಡೆಯುತ್ತಿತ್ತು. ಇಂತಹ ಮೂರ್ಛೆಯ ನೊಣಗಳನ್ನು ಕುರಿತು ಬೆಂಜರರೊಂದಿಗೆ ಸೇರಿ ೧೯೭೬ರಲ್ಲಿ ಲೇಖನವನ್ನು ಪ್ರಕಟಿಸಿದವರು ನಮ್ಮ ದೇಶದ ಒಬೈದ್ ಸಿದ್ದಿಕಿಯವರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅವರೂ ಅವರ ಶಿಷ್ಯೆ ವೆರೋನಿಕಾ ರೋಡ್ರಿಗಸರೂ ರುಚಿಯನ್ನು ತಿಳಿಯದ ನೊಣ, ವಾಸನೆಯನ್ನು ಅರಿಯದ ನೊಣ ಮುಂತಾದುವನ್ನು ಜಾಲಿಸಿ ತೆಗೆದು ಈ ವಿದ್ಯೆಗೆ ಭಾರತದಲ್ಲಿ ಭದ್ರವಾದ ನೆಲೆಯನ್ನು ಕಲ್ಪಿಸಿದರು. ಸಿದ್ದಿಕಿಯವರು ಮುಂದೆ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವು ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿಯೇ ಇದೆ. ಕೃಷಿ ಮೇಳಕ್ಕೆಂದು ಅಲ್ಲಿಗೆ ಹೋಗುವ ರೈತರು ನೊಣಗಳ ಸೀಸೆಗಳಿಗೆ ಕೂಗಳತೆಯಲ್ಲಿಯೇ ಟ್ರ್ಯಾಕ್ಟರುಗಳನ್ನು ನೋಡಿಕೊಂಡು ಹಿಂದಿರುಗುತ್ತಾರೆ.

ಮೂರ್ಛೆ ಹೋಗುವ ಆ ನೊಣದಲ್ಲಿ ಕೆಟ್ಟಿದ್ದುದು ಯಾವುದು? ನರಗಳ ಮೂಲಕ ಸಂದೇಶವು ಹರಿಯುವಾಗ ಸೋಡಿಯಂ ಎಂಬ ಲವಣಾಂಶವನ್ನು ಒಳಕ್ಕೆ ಬಿಡುವ ಒಂದು ತೂಬು ಇರುತ್ತದೆ. ಆ ತೂಬನ್ನು ಕಟ್ಟುವ ಜೀನೇ ಅದೆಂದು ೧೯೮೯ರಲ್ಲಿ ಗೊತ್ತಾಯಿತು. ಡಿ.ಡಿ.ಟಿ. ಪುಡಿಯೂ, ನಾವು ಇಂದು ಹೊಡೆಯುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್ ಮುಂತಾದ ಔಷಧಗಳೂ ಕೀಟವನ್ನು ಕೊಲ್ಲುವುದು ಈ ತೂಬನ್ನೇ ಹಿಡಿದು. ತೂಬು ಮುಚ್ಚದಂತೆ ಅವು ತಡೆಯುತ್ತವೆ. ನರಗಳು ಸಂದೇಶದಿಂದ ಸಂದೇಶಕ್ಕೆ ಬಿಡುವಿಲ್ಲದೆ ಮಿಡಿದು ಕೀಟವು ನಡುಗಿ ಸಾಯುತ್ತದೆ. ಮನೆಯ ನೊಣಗಳಿಗೂ ಸೊಳ್ಳೆಗಳಿಗೂ ಈ ಔಷಧಗಳು ತಾಗದೆ ಹೋದಾಗ ಪರೀಕ್ಷಿಸಿ ನೋಡಲಾಗಿ, ಅವುಗಳಲ್ಲಿಯೂ ಅದೇ ತೂಬಿನ ಜೀನು ಒಂದೆರಡು ಅಕ್ಷರಗಳಷ್ಟು ಮಾರ್ಪಟ್ಟಿತ್ತು. ಇದರಿಂದ ಜಮೀನುದಾರರು ತಿಳಿಯಬೇಕಾದ ವ್ಯವಹಾರದ ಮಾತೊಂದಿದೆ. ಮೇಲೆ ಹೇಳಿದ ಔಷಧಗಳ ಹೆಸರುಗಳೂ ಡಬ್ಬಿಗಳೂ ಬೆಲೆಗಳೂ ಬೇರೆ ಬೇರೆಯಾದರೂ ಅವು ಬಡಿಯುವ ಬಾಗಿಲು ಒಂದೇ. ಒಂದು ಕೆಲಸ ಮಾಡಲಿಲ್ಲವೆಂದು ಅಂಗಡಿಯವನು ಮತ್ತೊಂದನ್ನು ಕೊಟ್ಟರೆ, ಕೊಂಡವನು ಡಬ್ಬಿಯನ್ನು ಬದಲಾಯಿಸಿದನೇ ಹೊರತು ವಿಷವನ್ನು ಬದಲಾಯಿಸಲಿಲ್ಲ.

ಕಾಫಿ ಬೆಳೆಗಾರರಿಗೆ ಇನ್ನೊಂದು ಉದಾಹರಣೆಯು ಉಚಿತವಾಗಿ ತೋರುವುದು. ಡೀಲ್‌ಡ್ರಿನ್ ಎಂಬ, ಈಗ ನಿಷೇಧಿಸಲ್ಪಟ್ಟಿರುವ ವಿಷಕ್ಕೆ ಸಾಯದ ಡ್ರೊಸೊಫಿಲ ನೊಣಗಳನ್ನು ಆರಿಸಿ, ಅದಕ್ಕೆ ಕಾರಣವಾದ ಜೀನನ್ನು ೧೯೯೧ರಲ್ಲಿ ಅಮೆರಿಕದಲ್ಲಿ ಬೇರ್ಪಡಿಸಿದರು. ಅದರಲ್ಲಿ ಒಂದೇ ಒಂದು ಅಕ್ಷರವು ತಪ್ಪಾಗಿ, ಆ ಜೀನು ಕಟ್ಟುವ ಮಾಂಸಾಂಶದಲ್ಲಿ ಒಂದೇ ಒಂದು ಮಣಿಯು ಬದಲಾಗಿತ್ತು. ಆಮೇಲೆ ಮನೆಯ ನೊಣ, ಹಿಟ್ಟಿನ ಹುಳು, ಬಿಳಿನೊಣ ಇವುಗಳಲ್ಲಿ ನೋಡಿದರೆ, ಸರಿಯಾಗಿ ಅದೇ ಸ್ಥಾನದಲ್ಲಿ ಅದೇ ಬಗೆಯ ಬದಲಾವಣೆ! ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯ ದ್ವೀಪದಲ್ಲಿ ಎಂಡೋಸಲ್ಫಾನ್ ಹೊಡೆದರೂ ಸಾಯದೆ ಉಳಿದ ಕಾಫಿ ಕಾಯಿಕೊರಕದಲ್ಲಿಯೂ ಇದೇ ಕಂಡುಬಂತು. ಆ ಕೊರಕವು ೧೯೯೦ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಣಿಸಿಕೊಂಡು, ಅಲ್ಲಿಂದ ಕೊಡಗಿಗೂ ಬಂದುದು ಬೆಳೆಗಾರರಿಗೆ ತಿಳಿದೇ ಇದೆ. ಎಂಡೋಸಲ್ಫಾನನ್ನು ೨೦೧೧ರಲ್ಲಿ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು ತಡೆಯಿತು. ಅದು ಜನರ ಆರೋಗ್ಯದ ಕಾರಣದಿಂದ. ತಡೆಯದಿದ್ದರೂ ಹುಳುವೇ ಅದನ್ನು ಕಾಲಕ್ರಮದಲ್ಲಿ ನಿಷ್ಪ್ರಯೋಜಕ ಮಾಡುವ ಸಂಭವವಿತ್ತು.

ಬಾಗಿಲನ್ನು ಬದಲಾಯಿಸುವುದೊಂದೇ ಕೀಟದ ಉಪಾಯವಲ್ಲ. ೨೦೦೨ರಲ್ಲಿ ಪ್ರಕಟವಾದ ಶೋಧನೆಯಂತೆ, ಲೋಕದ ನಾನಾ ಭಾಗಗಳಲ್ಲಿ ಡಿ.ಡಿ.ಟಿ.ಗೆ ಸಾಯದ ಡ್ರೊಸೊಫಿಲ ನೊಣಗಳಲ್ಲಿ, ವಿಷವನ್ನು ಜೀರ್ಣಿಸುವ ಒಂದು ಜೀನು ಮಾತ್ರ ಮಿತಿಮೀರಿ ಕೆಲಸಮಾಡುತ್ತಿತ್ತು. ನಮ್ಮ ತೊಗರಿ, ಕಡಲೆಗಳ ಕಾಯಿಕೊರಕವು ಸೈಪರ್‌ಮೆಥ್ರಿನ್ ಜಾತಿಯ ಔಷಧಗಳನ್ನು ಎದುರಿಸುವುದು ಬಹುಮಟ್ಟಿಗೆ ಈ ಎರಡನೆಯ ಮಾರ್ಗದಿಂದ. ನೊಣದಲ್ಲಿ ಕಂಡುದೆಲ್ಲವೂ ಪತಂಗದಲ್ಲಿ ಹಾಗೆಯೇ ಇರುವುದೆಂದು ಯಾರೂ ಭಾವಿಸಕೂಡದು. ನೊಣವು ಎಲ್ಲಿ ಹುಡುಕಬೇಕೆಂಬುದನ್ನು ತೋರಿಸುತ್ತದೆ, ಹುಡುಕುವ ಕೆಲಸವು ಆಯಾ ಹುಳುವಿನಲ್ಲಿಯೇ ಆಗಬೇಕು.

ಈಗ ನಾವು ಹೇಳಬೇಕೆಂದಿದ್ದ ಮುಖ್ಯ ವಿಷಯಕ್ಕೆ ಬರೋಣ. ಪ್ರಯೋಗಶಾಲೆಯಲ್ಲಿ ಶಾಸ್ತ್ರಜ್ಞನು ಹತ್ತಾರು ಸಾವಿರ ನೊಣಗಳನ್ನು ಒಂದು ವಿಷಕ್ಕೆ ಒಡ್ಡಿ, ಸಾಯದೆ ಉಳಿದ ಒಂದೆರಡನ್ನು ಹೆಕ್ಕಿ, ಅವುಗಳನ್ನೇ ಪರಸ್ಪರ ಕೂಡಿಸಿ ಒಂದು ತಳಿಯನ್ನು ಮಾಡುತ್ತಾನೆ. ವರ್ಷಕ್ಕೆ ಹತ್ತಾರು ಸಲ ಒಂದೇ ಬಗೆಯ ಔಷಧವನ್ನು ಹತ್ತು ಎಕರೆಗೆ ಹೊಡೆಯುವ ಬೇಸಾಯಗಾರನು ಮಾಡುವುದು ಬೇರೇನನ್ನು? ಅವನೂ ಜಾಲಿಸುತ್ತಿದ್ದಾನೆ. ಶಾಸ್ತ್ರಜ್ಞನ ಸೀಸೆಗೆ ಅರಳೆಯ ಬಿರಡೆಯಿದೆ. ಬೇಸಾಯಗಾರನ ಸೀಸೆಗೆ ಮುಚ್ಚಳವಿಲ್ಲ. ಔಷಧವು ಹುಳುವಿಗೆ ತಾಳಿಕೆಯನ್ನು ಕಲಿಸುತ್ತದೆಂದು ಕೆಲವರು ಹೇಳುವುದುಂಟು, ಇದು ಸರಿಯಲ್ಲ. ತಾಳಿಕೆಯ ಜೀನು ಎಲ್ಲೋ ಲಕ್ಷದಲ್ಲೊಂದು ಹುಳುವಿನಲ್ಲಿ ಮೊದಲೇ ಇರುತ್ತದೆ. ಔಷಧವು ಉಳಿದುವನ್ನೆಲ್ಲ ಕೊಂದು ಅದಕ್ಕೆ ಜಾಗವನ್ನು ತೆರವುಮಾಡಿಕೊಡುತ್ತದೆ, ಅಷ್ಟೆ.

ಬಿ.ಟಿ. ಹತ್ತಿಯ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಈ ಹತ್ತಿಗೆ ಅನುಮತಿ ದೊರೆತುದು ೨೦೦೨ರಲ್ಲಿ. ಗಿಡದಲ್ಲಿಯೇ ಇರುವ ವಿಷಕ್ಕೆ ಜಗ್ಗದ ಜೀನು, ಪ್ರತಿ ೧,೦೦೦ ಪ್ರತಿಗಳಲ್ಲಿ ೧ ಇದೆಯೆಂದು ಭಾವಿಸೋಣ. ಇದು ನಮ್ಮ ಕಲ್ಪನೆಯೇನೂ ಅಲ್ಲ, ಅಮೆರಿಕದಲ್ಲಿ
ಹತ್ತಿಯ ಒಂದು ಜಾತಿಯ ಮೊಗ್ಗುಕೊರಕವನ್ನು ಜಾಲಿಸಿ ನೋಡಿದವರು ೧೯೯೭ರಲ್ಲಿ ಕೊಟ್ಟ ಅಂಕವು ಸಾವಿರಕ್ಕೆ ಸುಮಾರು ಒಂದೂವರೆ. ಒಡಹುಟ್ಟುಗಳನ್ನು ಕೂಡಿಸಿ ಅಡಗಿದ ಜೀನನ್ನು ಬಯಲಿಗೆಳೆಯುವ, ನೊಣದಲ್ಲಿ ಪಳಗಿದ ಅದೇ ಉಪಾಯವನ್ನು ೧೯೯೮ರಿಂದೀಚೆಗೆ ಹೊಲದ ಹುಳುಗಳಿಗೂ ಬಳಸುತ್ತಿದ್ದಾರೆ. ತಾಳಿಕೆಯು ಪೂರ್ಣವಾಗಿ ತೋರಬೇಕಾದರೆ ಎರಡು ಪ್ರತಿಗಳೂ ಅಂತಹವೇ ಆಗಬೇಕು. ಅಂತಹ ಹುಳುವು ೧೦ ಲಕ್ಷಕ್ಕೆ ೧ ಮಾತ್ರ. ಹೊಲವೆಲ್ಲ ಬಿ.ಟಿ. ಹತ್ತಿಯೇ ಆಗಿದ್ದರೆ, ಬದುಕಿ ಪತಂಗವಾಗುವುದು ಅದೊಂದೇ. ಅದಕ್ಕೆ ಜೊತೆ ಸಿಕ್ಕುವುದೂ ಪಕ್ಕದ ಹೊಲದಲ್ಲಿ ಅದೇ ರೀತಿ ಬದುಕಿದ ಇನ್ನೊಂದು. ಅವುಗಳ ಮರಿಗಳೆಲ್ಲವೂ ತಾಳಿಕೆಯುಳ್ಳವೇ ಆಗುತ್ತವೆ. ಆದರೆ ಹೊಲದ ಅಂಚಿನಲ್ಲಿ ಸಾಧಾರಣ ಹತ್ತಿಯಿದ್ದರೆ, ಅಲ್ಲಿ ನಿರಾತಂಕವಾಗಿ ಬೆಳೆದ ಸಾವಿರಾರು ಸಾಧಾರಣ ಪತಂಗಗಳಿರುತ್ತವೆ. ಬದುಕುಳಿದ ಒಂದಕ್ಕೆ ಅವುಗಳಲ್ಲೊಂದು ಜೊತೆಯಾಗುವುದು ಬಹುತೇಕ ನಿಶ್ಚಯ. ಆಗ ಮರಿಗಳಿಗೆ ಒಂದು ಪ್ರತಿ ಮಾತ್ರ ಬರುತ್ತದೆ, ಅವು ಬಿ.ಟಿ. ಎಲೆಯನ್ನು ತಿಂದರೆ ಸಾಯುತ್ತವೆ. ಹೀಗೆ ತಾಳಿಕೆಯು ಹರಡದಂತೆ ವರ್ಷಾನುವರ್ಷ ತಡೆಯಬಹುದು.

ಇದಕ್ಕಾಗಿಯೇ ಸರ್ಕಾರದವರು ಬಿತ್ತನೆಯ ೧೦೦ಕ್ಕೆ ೨೦ ಭಾಗವನ್ನಾಗಲಿ, ಹೊಲದ ಸುತ್ತ ಐದು ಸಾಲುಗಳನ್ನಾಗಲಿ, ಯಾವುದು ಹೆಚ್ಚೋ ಅಷ್ಟನ್ನು ಸಾಧಾರಣ ಹತ್ತಿಗೆ ಬಿಡಬೇಕೆಂದು ವಿಧಿಸಿ, ಬೀಜದ ಪೊಟ್ಟಣದೊಂದಿಗೆ ಸಾಧಾರಣ ಬೀಜದ ಸಣ್ಣ ಪೊಟ್ಟಣವನ್ನೂ ಕೊಡಿಸಿದರು. ಆ ಸಣ್ಣ ಪೊಟ್ಟಣದ ಗತಿಯು ಏನಾಯಿತೆಂದು ಹತ್ತಿ ಬೆಳೆಯುವವರೆಲ್ಲರಿಗೂ ಗೊತ್ತಿದೆ. ಹುಳುವಿಗೆಂದು ನಾವು ಬಿತ್ತಬೇಕೇ ಎಂದು ಬಹುಮಂದಿ ಅದನ್ನು ಎಸೆದರು. ೨೦೧೦ರಲ್ಲಿ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕವು ಮೊದಲ ಬಿ.ಟಿ. ವಿಷವನ್ನು ಗೆದ್ದಿರುವುದು ದೃಢಪಟ್ಟಿತು. ಮುಂದಿನ ವರ್ಷಗಳಲ್ಲಿ ಎರಡು ವಿಷಗಳುಳ್ಳ ಹತ್ತಿಯೂ ಅದಕ್ಕೆ ತುತ್ತಾಯಿತು. ರಾಯಚೂರು ಸೀಮೆಯಲ್ಲಿ ಬಿರಿಯದೆ ಕೊಳೆತ ಕಾಯಿಗಳನ್ನು ಕಂಡವರಿಗೆ ಈ ಲೆಕ್ಕವನ್ನು ಇನ್ನೊಮ್ಮೆ ಹೇಳಬೇಕಾಗಿಲ್ಲ. ಬೀಜವನ್ನು ಮಾರಿದವರೂ, ನಾವು ಇಲಾಖೆಯವರೂ ಸಣ್ಣ ಪೊಟ್ಟಣವನ್ನು ಕೊಟ್ಟೆವೇ ಹೊರತು, ಒಂದು ಪ್ರತಿ ಎರಡು ಪ್ರತಿಗಳ ಈ ಸಂಗತಿಯನ್ನು ಮನಸ್ಸಿಗೆ ಹತ್ತುವಂತೆ ತಿಳಿಯಹೇಳಿದುದು ಅಲ್ಪವೆಂದೇ ಹೇಳಬೇಕು. ಕಾರಣವನ್ನು ಹೇಳದೆ ಆಜ್ಞೆಯನ್ನು ಮಾತ್ರ ಹೇಳಿದರೆ ಬೇಸಾಯಗಾರನು ಕೇಳುವುದಿಲ್ಲ. ಕೇಳಬೇಕಾದ ಅಗತ್ಯವೂ ಇಲ್ಲ. ನೊಣದ ಶಾಸ್ತ್ರವನ್ನು ಬಲ್ಲ ಪಂಡಿತರು ಅದನ್ನು ಕನ್ನಡದಲ್ಲಿ ಬರೆಯುವುದು ತಮ್ಮ ಘನತೆಗೆ ಕಡಮೆಯೆಂದು ಭಾವಿಸುತ್ತಿರುವುದೂ ಈ ನಷ್ಟಕ್ಕೆ ಒಂದು ಕಾರಣ.

ಆದಕಾರಣ ಗ್ರಾಮದ ಯಜಮಾನರಲ್ಲಿ ನಾವು ಬಿನ್ನವಿಸುವುದೇನೆಂದರೆ, ಔಷಧ ಹೊಡೆಯುವ ವಿಷಯವನ್ನು ಒಬ್ಬೊಬ್ಬರ ಇಷ್ಟಕ್ಕೆ ಬಿಡದೆ ಊರಿನ ಕೆಲಸವನ್ನಾಗಿ ಮಾಡತಕ್ಕದ್ದು. ನನ್ನ ಹೊಲ ನನ್ನ ಇಚ್ಛೆಯೆಂದು ಹೇಳುವವರಿರುತ್ತಾರೆ. ಕೆರೆಯ ನೀರಿನ ವಿಷಯದಲ್ಲಿ ಅವರು ಹಾಗೆ ಹೇಳುವುದಿಲ್ಲ. ಸರದಿಯಿಲ್ಲದೆ ತೂಬೆತ್ತಿದವನಿಗೆ ಊರೇ ಬುದ್ಧಿ ಹೇಳುತ್ತದೆ. ಕೆರೆಯ ನೀರು ಹೇಗೆ ಊರಿಗೆಲ್ಲ ಸೇರಿದ ಸ್ವತ್ತೋ, ಔಷಧಕ್ಕೆ ಸಾಯುವ ಹುಳುವೂ ಹಾಗೆಯೇ ಊರಿಗೆಲ್ಲ ಸೇರಿದ ಸ್ವತ್ತು. ಒಬ್ಬನು ಅದನ್ನು ಮುಗಿಸಿಬಿಟ್ಟರೆ ಉಳಿದವರಿಗೆ ಸಾಯದ ಹುಳುವು ಮಾತ್ರ ಉಳಿಯುತ್ತದೆ. ಬಿತ್ತನೆಗೆ ಮೊದಲು ಊರವರು ಸೇರಿ, ಈ ಹಂಗಾಮಿನಲ್ಲಿ ಯಾವ ಬಗೆಯ ಔಷಧ, ಎರಡನೆಯ ಸಲಕ್ಕೆ ಬೇರೆ ಯಾವ ಬಗೆಯದು ಎಂಬುದನ್ನು ರೈತ ಸಂಪರ್ಕ ಕೇಂದ್ರದ ಅಧಿಕಾರಿಗಳನ್ನು ಕೇಳಿ ಗೊತ್ತುಮಾಡಿಕೊಳ್ಳಬೇಕು. ಔಷಧದ ಹೆಸರನ್ನಲ್ಲ, ಅದು ಯಾವ ಗುಂಪಿಗೆ ಸೇರಿದುದೆಂಬುದನ್ನು ಕೇಳಬೇಕು. ಸಾಧಾರಣ ಹತ್ತಿಯ ಬೀಜವು ಬೇರೆ ಪೊಟ್ಟಣದಲ್ಲಿ ಬಂದರೂ ಬಿ.ಟಿ. ಬೀಜದೊಂದಿಗೆ ಬೆರೆತೇ ಬಂದರೂ ಅದನ್ನು ತೆಗೆದುಹಾಕಕೂಡದು. ಹತ್ತಿಯನ್ನು ಬಿಡಿಸಿ ಮುಗಿದ ಮೇಲೆ ಗಿಡಗಳನ್ನು ಹೊಲದಲ್ಲಿ ನಿಲ್ಲಿಸಿ ಗುಲಾಬಿ ಕಾಯಿಕೊರಕಕ್ಕೆ ಬೇಸಗೆಯ ಬಿಡಾರವನ್ನು ಒದಗಿಸಬಾರದು.

ಇನ್ನು ಮೊದಲು ಹೇಳಿದ ಊಜಿ ನೊಣದ ಸಂಗತಿ. ಮುಲ್ಲರರ ಕಿರಣಗಳು ನೊಣಗಳನ್ನು ಸಂತಾನಹೀನವನ್ನಾಗಿಯೂ ಮಾಡುತ್ತವೆ. ಹಾಗೆ ಮಾಡಿದ ಗಂಡುಗಳನ್ನು ಕೋಟ್ಯಂತರವಾಗಿ ಹೊರಕ್ಕೆ ಬಿಟ್ಟರೆ, ಅವುಗಳನ್ನು ಕೂಡಿದ ಹೆಣ್ಣುಗಳ ಮೊಟ್ಟೆಗಳು ಒಡೆಯುವುದಿಲ್ಲ. ೧೯೫೪ರಲ್ಲಿ ಕ್ಯುರಸಾವ್ ದ್ವೀಪದಲ್ಲಿ ಜಾನುವಾರುಗಳ ಹುಣ್ಣಿನಲ್ಲಿ ಹುಳುಬೀಳಿಸುವ ನೊಣವನ್ನು ಈ ಕ್ರಮದಿಂದಲೇ ನಿರ್ಮೂಲಮಾಡಿದರು. ಜಪಾನಿನ ಒಕಿನಾವಾ ದ್ವೀಪಗಳಲ್ಲಿ, ನಮ್ಮ ಹೀರೆ ಹಾಗಲಗಳನ್ನು ಕೆಡಿಸುವ ಅದೇ ಜಾತಿಯ ನೊಣವು ೧೯೯೩ರ ಹೊತ್ತಿಗೆ ಇಲ್ಲವಾಯಿತು. ಹೆಣ್ಣುಗಳನ್ನು ಮೊದಲೇ ಬೇರ್ಪಡಿಸಿ ಗಂಡುಗಳನ್ನು ಮಾತ್ರ ಬಿಟ್ಟರೆ ವೆಚ್ಚವು ಬಹಳ ಕಡಮೆಯಾಗುತ್ತದೆ. ಇದಕ್ಕಾಗಿ ಮೆಡಿಟರೇನಿಯನ್ ಸೀಮೆಯ ಹಣ್ಣಿನ ನೊಣದಲ್ಲಿ, ಹೆಣ್ಣಿನ ಕೋಶ ಮಾತ್ರ ಬೆಳ್ಳಗಿರುವ ತಳಿಯೊಂದನ್ನು ಸಾಕಿದ್ದಾರೆ. ಕೋಶಕ್ಕೆ ಬಿಳಿಯ ಬಣ್ಣವನ್ನು ತರುವ ಜೀನು ಯಾವುದೆಂಬುದು ೨೦೨೧ರಲ್ಲಿ ಗೊತ್ತಾಯಿತು. ನಮ್ಮ ಮಾವಿನ ಊಜಿಯಲ್ಲಿಯೂ, ಹೀರೆಯ ನೊಣದಲ್ಲಿಯೂ ಅದೇ ಜೀನು ಕೆಟ್ಟರೆ ಅದೇ ಬಿಳುಪು ಬರುವುದೆಂದು ಆ ಶೋಧನೆಯಲ್ಲಿಯೇ ತೋರಿಸಿದ್ದಾರೆ. ಮಾವು ಬೆಳೆಯುವ ಶ್ರೀನಿವಾಸಪುರ, ರಾಮನಗರಗಳ ಸೀಮೆಗೆ ಇದರಿಂದ ಉಪಕಾರವಾಗುವ ಕಾಲವು ಬಂದೀತೆಂದು ನಮ್ಮ ನಂಬಿಕೆ. ಅದು ಬರುವ ತನಕ ಮೀಥೈಲ್ ಯೂಜಿನಾಲ್ ಎಂಬ ವಾಸನೆಯ ಬೋನುಗಳನ್ನು ಕಾಯಿ ಬಲಿಯುವ ಮೊದಲೇ, ಒಂದು ತೋಪಿನಲ್ಲಿ ಕಟ್ಟಿ ಇನ್ನೊಂದರಲ್ಲಿ ಬಿಡದೆ, ಊರಿನ ತೋಪುಗಳಲ್ಲೆಲ್ಲ ಒಂದೇ ವಾರದಲ್ಲಿ ಕಟ್ಟತಕ್ಕದ್ದು. ಉದುರಿದ ಹಣ್ಣುಗಳನ್ನು ಮರದಡಿಯಲ್ಲಿ ಕೊಳೆಯಲು ಬಿಡದೆ ದಿನದಿನವೂ ಆಯಿಸಿ ಆಳವಾದ ಗುಂಡಿಯಲ್ಲಿ ಹೂಳತಕ್ಕದ್ದು.